ಜೀವವಿಲ್ಲದ ಕಣಿವೆಯಲ್ಲಿ ಪಾಚಿಯ ಹಾಸು: ಕ್ಯಾಪ್ಟನ್ ಸ್ಕಾಟ್ ಅವರ ಬದುಕು ಮತ್ತು ಧ್ರುವದ ಕೆರೆಗಳು

ಅಂಟಾರ್ಕ್ಟಿಕಾದ ಬಗ್ಗೆ ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಲಿ ಮಂಜುಗಡ್ಡೆ ಬಿಟ್ಟರೆ ಬೇರೇನೂ ಇಲ್ಲ, ಯಾವ ಜೀವಿಯೂ ಅಲ್ಲಿ ಬದುಕುವುದಿಲ್ಲ ಎನ್ನುವುದು ಒಂದು. ಅಲ್ಲಿನ ಹಿಮದಿಂದ ರಕ್ತ ಸುರಿಯುತ್ತಿದೆ, ಇದು ಯಾವುದೋ ಕೇಡಿನ ಸೂಚನೆ ಎನ್ನುವುದು ಇನ್ನೊಂದು. ಈ ಎರಡೂ ಮಾತುಗಳು ಸುತ್ತಿಕೊಂಡಿರುವ ಒಂದು ಕಣಿವೆ ಇದೆ. ಅದಕ್ಕೆ ಮೊದಲು ಕಾಲಿಟ್ಟ ಮೂವರಲ್ಲಿ ಒಬ್ಬರು ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಾಬರ್ಟ್ ಫಾಲ್ಕನ್ ಸ್ಕಾಟ್.

ಸ್ಕಾಟ್ ಎಂದರೆ ದಕ್ಷಿಣ ಧ್ರುವದ ಓಟದಲ್ಲಿ ಸೋತು, ವಾಪಸು ಬರುವಾಗ ಡೇರೆಯಲ್ಲೇ ಪ್ರಾಣಬಿಟ್ಟವರು ಎಂದಷ್ಟೇ ಶಾಲೆಯಲ್ಲಿ ಓದಿದ್ದೇವೆ. ಅವರ ಎರಡೂ ಯಾನಗಳಲ್ಲಿ ವಿಜ್ಞಾನಿಗಳಿದ್ದರು, ಪೆಟ್ಟಿಗೆಗಟ್ಟಲೆ ಮಾದರಿಗಳಿದ್ದವು ಎನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಧ್ರುವದ ಕೆರೆಗಳ ಪಾಚಿ ಇಂದು ಬದಲಾಗುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ನೂರು ವರ್ಷ ಹಿಂದಿನ ಆ ಮಾದರಿಗಳನ್ನೇ ತೆರೆದು ನೋಡುತ್ತಿದ್ದಾರೆ. ಆದ್ದರಿಂದ ಈ ಸಲ ನಾವು ಸ್ಕಾಟ್ ಅವರ ಬದುಕನ್ನು ಪಾಚಿಯ ಕಡೆಯಿಂದ ನೋಡೋಣ.

ಹದಿಮೂರಕ್ಕೇ ನೌಕಾಪಡೆ

ಸ್ಕಾಟ್ ಹುಟ್ಟಿದ್ದು 1868ರ ಜೂನ್ 6ರಂದು, ಇಂಗ್ಲೆಂಡಿನ ಪ್ಲಿಮತ್ ಬಳಿಯ ಡೆವನ್‌ಪೋರ್ಟ್‌ನಲ್ಲಿ. ತಂದೆಗೆ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಆರು ಮಕ್ಕಳಲ್ಲಿ ಇವರು ಮೂರನೆಯವರು. 1881ರಲ್ಲಿ, 13ನೇ ವಯಸ್ಸಿಗೇ ನೌಕಾಪಡೆಯ ತರಬೇತಿಗೆ ಸೇರಿದರು. 1887ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಒಂದು ದೋಣಿ ಸ್ಪರ್ಧೆಯಲ್ಲಿ ಈ ಹುಡುಗನ ಚುರುಕುತನ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಭೂಗೋಳ ತಜ್ಞರ ಕಣ್ಣಿಗೆ ಬಿತ್ತು.

1894ರಲ್ಲಿ ಮನೆಯ ಹಣವೆಲ್ಲ ಕರಗಿತು. 1897ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ತಮ್ಮ ಆರ್ಚಿಯೂ ಹೋದ. ತಾಯಿ ಮತ್ತು ಸಹೋದರಿಯರ ಭಾರ ಸ್ಕಾಟ್ ಅವರ ಸಂಬಳದ ಮೇಲೆ ಬಿತ್ತು. ನೌಕಾಪಡೆಯಲ್ಲಿ ಬೇಗ ಮೇಲೇರದಿದ್ದರೆ ಸಂಸಾರ ನಡೆಯುವಂತಿರಲಿಲ್ಲ. 1899ರಲ್ಲಿ ಲಂಡನ್ನಿನ ಬೀದಿಯಲ್ಲಿ ಮಾರ್ಕಮ್ ಮತ್ತೆ ಎದುರಾದರು. ಅಂಟಾರ್ಕ್ಟಿಕಾಕ್ಕೆ ಒಂದು ಯಾನ ಸಿದ್ಧವಾಗುತ್ತಿದೆ ಎಂಬ ಸುದ್ದಿ ಆಗ ತಿಳಿಯಿತು. ಸ್ಕಾಟ್ ಅರ್ಜಿ ಹಾಕಿದರು. ಹಿಮದ ಅನುಭವವೇ ಇಲ್ಲದ ಈ ಅಧಿಕಾರಿಗೆ ಇಡೀ ಯಾನದ ನಾಯಕತ್ವ ಸಿಕ್ಕಿತು.

ಡಿಸ್ಕವರಿ ಯಾನ ಮತ್ತು ಒಂದು ವೈದ್ಯಕೀಯ ತಪ್ಪು ನಂಬಿಕೆ

1901ರ ಆಗಸ್ಟ್‌ನಲ್ಲಿ ‘ಡಿಸ್ಕವರಿ’ ಹಡಗು ಇಂಗ್ಲೆಂಡ್ ಬಿಟ್ಟಿತು. 1902ರ ಆರಂಭದಲ್ಲಿ ಅದು ಅಂಟಾರ್ಕ್ಟಿಕಾದ ರಾಸ್ ದ್ವೀಪ ತಲುಪಿತು. ಅಲ್ಲಿ ಸಮುದ್ರ ಹೆಪ್ಪುಗಟ್ಟಿ, ಹಡಗು ಎರಡು ವರ್ಷ ಅಲುಗಾಡದೆ ನಿಂತುಬಿಟ್ಟಿತು.

ಮೊದಲ ವರ್ಷವೇ ತಂಡದಲ್ಲಿ ಸ್ಕರ್ವಿ ಕಾಣಿಸಿಕೊಂಡಿತು. ವಸಡಿನಲ್ಲಿ ರಕ್ತ, ಕಾಲಿನಲ್ಲಿ ಊತ. ಕೆಟ್ಟ ಡಬ್ಬಿ ಮಾಂಸದ ವಿಷದಿಂದ ಸ್ಕರ್ವಿ ಬರುತ್ತದೆ ಎಂದು ಆ ಕಾಲದ ದೊಡ್ಡ ವೈದ್ಯರೇ ನಂಬಿದ್ದರು. ಅದಕ್ಕಾಗಿ ಹಡಗಿನಲ್ಲಿ ಡಬ್ಬಿಗಳನ್ನು ಪರೀಕ್ಷಿಸಿಯೇ ಬಡಿಸುತ್ತಿದ್ದರು. ನಿಜವಾದ ಕಾರಣ ವಿಟಮಿನ್ ಸಿ ಕೊರತೆ. ವಿಟಮಿನ್ ಎಂಬ ಪದವೇ ಆಗ ಇನ್ನೂ ಹುಟ್ಟಿರಲಿಲ್ಲ. ತಾಜಾ ಸೀಲ್ ಮಾಂಸ ತಿಂದ ಮೇಲೆ ತಂಡ ಚೇತರಿಸಿಕೊಂಡಿತು. ಕಾರಣ ತಪ್ಪಾಗಿ ತಿಳಿದಿದ್ದರೂ ಮದ್ದು ಸರಿಯಾಗಿ ಸಿಕ್ಕಿದ್ದು ಅವರ ಅದೃಷ್ಟ.

1902ರ ಡಿಸೆಂಬರ್ 30ರಂದು ಸ್ಕಾಟ್, ಎಡ್ವರ್ಡ್ ವಿಲ್ಸನ್ ಮತ್ತು ಅರ್ನೆಸ್ಟ್ ಶಾಕಲ್ಟನ್ 82 ಡಿಗ್ರಿ 17 ನಿಮಿಷ ದಕ್ಷಿಣ ಅಕ್ಷಾಂಶ ಮುಟ್ಟಿದರು. ಅಲ್ಲಿಯವರೆಗೆ ಮನುಷ್ಯರು ಯಾರೂ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ.

ಇದೇ ಹೊತ್ತಿಗೆ ಹಡಗಿನ ಸುತ್ತ ಇನ್ನೊಂದು ಸದ್ದಿಲ್ಲದ ಕೆಲಸ ನಡೆದಿತ್ತು. ಯಾನದ ವೈದ್ಯರೂ ಸಸ್ಯಶಾಸ್ತ್ರದ ಹೊಣೆ ಹೊತ್ತವರೂ ರೆಜಿನಾಲ್ಡ್ ಕೋಟ್ಲಿಟ್ಸ್. ಬೇಸಿಗೆಯ ಕೆಲವು ವಾರ ರಾಸ್ ದ್ವೀಪದಲ್ಲಿ ಸಣ್ಣ ಸಣ್ಣ ಹೊಂಡಗಳಲ್ಲಿ ನೀರು ನಿಲ್ಲುತ್ತಿತ್ತು. ಅವುಗಳ ತಳದಲ್ಲಿ ಚರ್ಮದಂಥ, ಕಂದು ಬಣ್ಣದ ಪದರಗಳಿದ್ದವು. ಅವುಗಳನ್ನು ತೆಗೆದು, ಎಲೆ ಒಣಗಿಸುವಂತೆ ಕಾಗದದ ನಡುವೆ ಒತ್ತಿ ಒಣಗಿಸಿ, ಪೆಟ್ಟಿಗೆಗೆ ಸೇರಿಸಿದರು. ಈ ಪೆಟ್ಟಿಗೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಣಿವೆಗೆ ಇಳಿದ ದಿನ

1903ರ ಕೊನೆಗೆ ಸ್ಕಾಟ್ ಪಶ್ಚಿಮದ ಪರ್ವತಗಳನ್ನು ಏರಿ, ಆಚೆಯ ಹಿಮ ಪ್ರಸ್ಥಭೂಮಿಗೆ ಹೋದರು. ಜೊತೆಗೆ ಇಬ್ಬರೇ: ಎಡ್ಗರ್ ಇವಾನ್ಸ್ ಮತ್ತು ವಿಲಿಯಂ ಲ್ಯಾಶ್ಲಿ. ವಾಪಸು ಇಳಿಯುವಾಗ ಸ್ಕಾಟ್ ಮತ್ತು ಇವಾನ್ಸ್ ಹಿಮದ ಬಿರುಕಿನೊಳಗೆ ಬಿದ್ದು ಹಗ್ಗದಲ್ಲಿ ನೇತಾಡಿದರು. ಮೇಲಿದ್ದ ಲ್ಯಾಶ್ಲಿ ಜಾರುಬಂಡಿಯನ್ನು ಗಟ್ಟಿಯಾಗಿ ಹಿಡಿದು ನಿಂತದ್ದರಿಂದ ಇಬ್ಬರೂ ಉಳಿದರು.

ಇದಾದ ಮೂರ್ನಾಲ್ಕು ದಿನಕ್ಕೆ, ಡಿಸೆಂಬರ್ ನಡುಭಾಗದಲ್ಲಿ, ಮೂವರೂ ಒಂದು ವಿಚಿತ್ರ ಕಣಿವೆಗೆ ಇಳಿದರು. ಅಲ್ಲಿ ಹಿಮವೇ ಇರಲಿಲ್ಲ! ಕಾಲ ಕೆಳಗೆ ಮರಳು, ಕಲ್ಲು, ಹರಿಯುವ ಸಣ್ಣ ತೊರೆ. ಹಿಮನದಿಯ ಮೂತಿಯ ಮುಂದೆ ಮಂಜು ಮುಚ್ಚಿದ ಒಂದು ಕೆರೆ. ದಾರಿಯಲ್ಲಿ ಎಂದೋ ಸತ್ತ ಸೀಲ್ ಒಂದರ ಅಸ್ಥಿಪಂಜರ. ಪಾಚಿಯಿಲ್ಲ, ಕಲ್ಲುಹೂವಿಲ್ಲ, ಹುಳುವಿಲ್ಲ ಎಂದು ಸ್ಕಾಟ್‌ಗೆ ಅನ್ನಿಸಿತು. ಅದನ್ನು ಸತ್ತವರ ಕಣಿವೆ ಎಂಬ ಅರ್ಥದಲ್ಲಿ ಅವರು ಬರೆದರು. ಅವರ ಪುಸ್ತಕ 1905ರಲ್ಲಿ ಪ್ರಕಟವಾಯಿತು.

ಸ್ಕಾಟ್ ಸುಳ್ಳು ಹೇಳಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದರು. ಆದರೆ ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎನ್ನುವುದು ಬೇರೆ ಮಾತು. ಅವರು ನಡೆದ ಮರಳಿನಲ್ಲೇ ಜೀವ ಇತ್ತು.

ಆ ಕಣಿವೆಗೆ ಇಂದು ಟೇಲರ್ ಕಣಿವೆ ಎಂದು ಹೆಸರು. ಅಲ್ಲಿನ ಕೆರೆ ಬಾನಿ ಸರೋವರ. ಇವು ಮೆಕ್‌ಮರ್ಡೊ ಒಣ ಕಣಿವೆಗಳು ಎಂಬ ಪ್ರದೇಶಕ್ಕೆ ಸೇರಿವೆ. ಸುಮಾರು 4,500 ಚದರ ಕಿಲೋಮೀಟರ್ ಹಿಮವಿಲ್ಲದ ನೆಲ, ವರ್ಷದ ಸರಾಸರಿ ಉಷ್ಣಾಂಶ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯನೇ ಇಲ್ಲ.

ಕಣ್ಣಿಗೆ ಬೀಳದ ಪಾಚಿ ಎಲ್ಲಿತ್ತು?

ಬಾನಿ ಸರೋವರದ ಮೇಲೆ ಮೂರ್ನಾಲ್ಕು ಮೀಟರ್ ದಪ್ಪದ ಮಂಜುಗಡ್ಡೆ ವರ್ಷವಿಡೀ ಇರುತ್ತದೆ. ಅದರ ಕೆಳಗೆ ನೀರು ನೀರಾಗಿಯೇ ಇದೆ. ಮೇಲಿನ ಬೆಳಕಿನಲ್ಲಿ ನೂರಕ್ಕೆ ಕೆಲವೇ ಪಾಲು ಕೆಳಗೆ ಇಳಿಯುತ್ತದೆ. ಅಷ್ಟು ಸಾಕು, ಪಾಚಿ ತನ್ನ ಆಹಾರ ತಯಾರಿಸಿಕೊಳ್ಳುತ್ತದೆ.

ಗಾಳಿ ತಾಗದ ಕಾರಣ ಈ ನೀರು ಕದಡುವುದಿಲ್ಲ. ಹಗುರವಾದ ಸಿಹಿನೀರು ಮೇಲೆ, ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಿನ ನೀರು ತಳದಲ್ಲಿ. ಬಹುಮಹಡಿ ಕಟ್ಟಡದಲ್ಲಿ ಒಂದೊಂದು ಮಹಡಿಗೆ ಒಂದೊಂದು ಸಂಸಾರ ಇದ್ದಂತೆ, ಒಂದೊಂದು ಆಳದಲ್ಲಿ ಒಂದೊಂದು ಬಗೆಯ ಪಾಚಿ ಬದುಕುತ್ತದೆ. ಸುಮಾರು 17 ಮೀಟರ್ ಆಳದಲ್ಲಿ ಸಿಕ್ಕ ಒಂದು ಕ್ಲಾಮಿಡೊಮೊನಾಸ್ ಹಸಿರು ಪಾಚಿ ಪ್ರಯೋಗಾಲಯಗಳಲ್ಲಿ ಹೆಸರುವಾಸಿಯಾಗಿದೆ. ಅದಕ್ಕೆ ಮಬ್ಬು ಬೆಳಕು, ಉಪ್ಪು, ಕೊರೆಯುವ ಚಳಿ ಎಲ್ಲವೂ ಒಗ್ಗಿವೆ. ನಮಗೆ ಹಿತವೆನಿಸುವ 20 ಡಿಗ್ರಿ ಮೀರಿದ ಬೆಚ್ಚಗಿನ ಕೋಣೆಯಲ್ಲಿ ಅದು ಬದುಕುವುದಿಲ್ಲ.

ನಾಲ್ಕು ತಿಂಗಳ ಕತ್ತಲಲ್ಲಿ ಏನು ಗತಿ? ಈ ಕಣಿವೆಯ ಕೆರೆಗಳಲ್ಲಿರುವ ಕ್ರಿಪ್ಟೊಫೈಟ್ ಎಂಬ ಪಾಚಿಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಬೆಳಕಿದ್ದಾಗ ಸಸ್ಯದಂತೆ ಬಾಳಿ, ಸಾಲದಾದಾಗ ಪ್ರಾಣಿಯಂತೆ ಉಣ್ಣುತ್ತವೆ.

ಕೆರೆಗಳ ತಳದಲ್ಲಿ ಇನ್ನೊಂದು ಲೋಕವಿದೆ. ಸಯನೋಬ್ಯಾಕ್ಟೀರಿಯಾಗಳು ಎಳೆ ಎಳೆಯಾಗಿ ಹೆಣೆದುಕೊಂಡು ಕಂಬಳಿಯಂಥ ಹಾಸು ಕಟ್ಟುತ್ತವೆ. ಇವನ್ನೇ ನಾವು ರೂಢಿಯಲ್ಲಿ ನೀಲಿ-ಹಸಿರು ಪಾಚಿ ಎನ್ನುತ್ತೇವೆ. ಕಟ್ಟುನಿಟ್ಟಾಗಿ ಹೇಳಿದರೆ ಇವು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಇವು ಹೊರಬಿಡುವ ಆಮ್ಲಜನಕದ ಗುಳ್ಳೆಗಳು ಹಾಸಿನಡಿ ಸೇರಿ, ಕೆಲವು ಕಡೆ ಹಾಸಿನ ತುಂಡುಗಳನ್ನೇ ಕಿತ್ತು ಮೇಲಕ್ಕೆ ತೇಲಿಸುತ್ತವೆ. ಆ ತುಂಡುಗಳು ಮೇಲಿನ ಮಂಜುಗಡ್ಡೆಗೆ ಅಂಟಿ ಹೆಪ್ಪುಗಟ್ಟುತ್ತವೆ. ಪ್ರತಿವರ್ಷ ಮಂಜು ಮೇಲ್ಭಾಗದಲ್ಲಿ ಸವೆಯುತ್ತದೆ, ಕೆಳಭಾಗದಲ್ಲಿ ಹೊಸದು ಕಟ್ಟುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ತಳದ ಪಾಚಿ ಮಂಜಿನ ಮೇಲ್ಮೈಗೆ ಬಂದು, ಒಣಗಿ, ಗಾಳಿಯಲ್ಲಿ ಹಾರಿ ಕಣಿವೆಗೆಲ್ಲ ಹರಡುತ್ತದೆ.

ತೊರೆಗಳ ಪಾತ್ರದಲ್ಲೂ ನೋಸ್ಟಾಕ್ ಮುಂತಾದವುಗಳ ಕಪ್ಪು ಹೊಪ್ಪಳೆಗಳಿರುತ್ತವೆ. ನೋಡಿದರೆ ಸುಟ್ಟ ಕಾಗದದ ಚೂರು ಎನ್ನಬೇಕು. ಎರಡು ದಶಕ ನೀರಿಲ್ಲದೆ ಒಣಗಿದ್ದ ಒಂದು ತೊರೆಗೆ 1990ರ ದಶಕದಲ್ಲಿ ವಿಜ್ಞಾನಿಗಳು ನೀರು ಹರಿಸಿದರು. ಕೆಲವೇ ದಿನಗಳಲ್ಲಿ ಹಾಸು ಜೀವಂತವಾಗಿ ಹರಡಿತು. ಇದು ನಮಗೆ ತೀರಾ ಹೊಸತೂ ಅಲ್ಲ. ಬೇಸಿಗೆಯಲ್ಲಿ ತಾರಸಿ, ಕಾಂಪೌಂಡ್ ಗೋಡೆಗಳ ಮೇಲೆ ಕಪ್ಪಗೆ ಒಣಗಿ ಕೂತು, ಮುಂಗಾರಿನ ಮೊದಲ ಮಳೆಗೇ ಜಾರುವ ಪದರದಲ್ಲೂ ಇದೇ ಗುಂಪಿನ ಜೀವಿಗಳಿರುತ್ತವೆ.

ರಕ್ತದ ಜಲಪಾತ: ಪಾಚಿಯೂ ಅಲ್ಲ, ರಕ್ತವೂ ಅಲ್ಲ

1904ರಲ್ಲಿ ಮನೆಗೆ ಮರಳಿದ ಸ್ಕಾಟ್‌ಗೆ ಕ್ಯಾಪ್ಟನ್ ಪದವಿ ಸಿಕ್ಕಿತು. 1908ರಲ್ಲಿ ಶಿಲ್ಪಿ ಕ್ಯಾಥ್ಲೀನ್ ಬ್ರೂಸ್ ಅವರನ್ನು ಮದುವೆಯಾದರು. 1909ರಲ್ಲಿ ಮಗ ಪೀಟರ್ ಹುಟ್ಟಿದ.

ಅಷ್ಟರಲ್ಲಿ ಹಳೆಯ ಜೊತೆಗಾರ ಶಾಕಲ್ಟನ್ ತಮ್ಮದೇ ಯಾನ ನಡೆಸಿದ್ದರು. ಅದರಲ್ಲಿದ್ದ ಜೀವವಿಜ್ಞಾನಿ ಜೇಮ್ಸ್ ಮರ್ರೆ 1908ರಲ್ಲಿ ರಾಸ್ ದ್ವೀಪದ ಕೆರೆಗಳ ದಪ್ಪ ಮಂಜನ್ನು ಕೊರೆದು, ತಳದಿಂದ ಪಾಚಿಯ ಹಾಸುಗಳನ್ನು ಎತ್ತಿದರು. ಅವುಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ತುಂಬಿದ್ದವು. ಹೆಪ್ಪುಗಟ್ಟಿಸಿ ಕರಗಿಸಿದರೂ ಅವು ಮತ್ತೆ ಓಡಾಡುತ್ತಿದ್ದವು. ಸತ್ತ ಕಣಿವೆಯ ಮಾತು ಅಲ್ಲಾಡತೊಡಗಿದ್ದು ಆಗಲೇ.

1910ರಲ್ಲಿ ಸ್ಕಾಟ್ ‘ಟೆರಾ ನೋವಾ’ ಹಡಗಿನಲ್ಲಿ ಎರಡನೇ ಯಾನ ಹೊರಟರು. 1911ರ ಆರಂಭದಲ್ಲಿ ಭೂವಿಜ್ಞಾನಿ ಗ್ರಿಫಿತ್ ಟೇಲರ್ ತಂಡವನ್ನು ಅದೇ ಕಣಿವೆಗೆ ಕಳಿಸಿದರು. ಟೇಲರ್ ಕಂಡದ್ದು ಹಿಮನದಿಯ ಮೂತಿಯಿಂದ ಬಾನಿ ಸರೋವರಕ್ಕೆ ಇಳಿದಿದ್ದ ಕೆಂಪು ಕಲೆ. ಇದೇ ಇಂದು ಫಾರ್ವರ್ಡ್‌ಗಳಲ್ಲಿ ಓಡಾಡುವ ‘ಬ್ಲಡ್ ಫಾಲ್ಸ್’. ಇದು ಕೆಂಪು ಪಾಚಿಯ ಬಣ್ಣ ಇರಬೇಕೆಂದು ಟೇಲರ್ ಊಹಿಸಿದರು. ಊಹೆ ತಪ್ಪಿತ್ತು. ಹಿಮನದಿಯ ಅಡಿಯಲ್ಲಿ ಕಬ್ಬಿಣ ಬೆರೆತ ಉಪ್ಪುನೀರಿದೆ. ಅದು ಹೊರಬಂದು ಗಾಳಿಯ ಆಮ್ಲಜನಕ ತಾಗಿದ ಕೂಡಲೇ, ಹಳೆಯ ಮೊಳೆಗೆ ತುಕ್ಕು ಹಿಡಿದಂತೆ ಕೆಂಪಾಗುತ್ತದೆ. ಆ ಕತ್ತಲ ಉಪ್ಪುನೀರಿನಲ್ಲೂ ಬೆಳಕಿನ ಹಂಗಿಲ್ಲದ ಸೂಕ್ಷ್ಮಜೀವಿಗಳು ಬದುಕುತ್ತಿವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಭೂಮಿಯ ಇನ್ನೊಂದು ತುದಿಯಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ಕಥೆ ನಡೆದಿತ್ತು. 1818ರಲ್ಲಿ ಗ್ರೀನ್‌ಲ್ಯಾಂಡ್ ಕರಾವಳಿಯಲ್ಲಿ ಜಾನ್ ರಾಸ್ ಅವರ ತಂಡ ಕೆಂಪು ಹಿಮ ಕಂಡಿತು. ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವೇ ಕಾರಣ ಎಂದು ಆಗ ಪತ್ರಿಕೆಯಲ್ಲಿ ಬಂತು. ಅದು ನಿಜಕ್ಕೂ ಪಾಚಿಯಾಗಿತ್ತು. ಉತ್ತರದಲ್ಲಿ ಕಬ್ಬಿಣ ಅಂದುಕೊಂಡದ್ದು ಪಾಚಿ, ದಕ್ಷಿಣದಲ್ಲಿ ಪಾಚಿ ಅಂದುಕೊಂಡದ್ದು ಕಬ್ಬಿಣ. ಬಣ್ಣ ನೋಡಿ ಕಾರಣ ಹೇಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊನೆಯ ದಾರಿ

ಸ್ಕಾಟ್ 1911ರ ನವೆಂಬರ್ 1ರಂದು ದಕ್ಷಿಣ ಧ್ರುವದ ಕಡೆ ಹೊರಟರು. 1912ರ ಜನವರಿ 17ರಂದು ವಿಲ್ಸನ್, ಬವರ್ಸ್, ಓಟ್ಸ್ ಮತ್ತು ಎಡ್ಗರ್ ಇವಾನ್ಸ್ ಜೊತೆ ಧ್ರುವ ಮುಟ್ಟಿದರು. ನಾರ್ವೆಯ ರೋಲ್ಡ್ ಅಮುಂಡ್ಸನ್ 1911ರ ಡಿಸೆಂಬರ್ 14ರಂದೇ ಅಲ್ಲಿಗೆ ತಲುಪಿ ಬಾವುಟ ನೆಟ್ಟು ಹೋಗಿದ್ದರು.

ಸೋತು ಹಿಂದಿರುಗುವಾಗ, ಫೆಬ್ರವರಿ 8ರಂದು, ದೊಡ್ಡ ಹಿಮನದಿಯೊಂದರ ಬದಿಯ ಬಂಡೆಗಳ ಹತ್ತಿರ ತಂಡ ನಿಂತಿತು. ಊಟ ಕಡಿಮೆ, ಮೈಯಲ್ಲಿ ಶಕ್ತಿಯಿಲ್ಲ. ಆದರೂ ಅವರು ಕಲ್ಲು ಆರಿಸಿದರು. ಸುಮಾರು 16 ಕಿಲೋ ಕಲ್ಲನ್ನು ಜಾರುಬಂಡಿಗೆ ಹೇರಿ, ಕೊನೆಯವರೆಗೂ ಎಳೆದರು.

ಫೆಬ್ರವರಿ 17ರಂದು ಇವಾನ್ಸ್ ತೀರಿಕೊಂಡರು. ಕೊಳೆತ ಕಾಲಿನಿಂದ ನಡೆಯಲಾಗದೆ ತಾನು ಉಳಿದವರಿಗೆ ಹೊರೆಯಾಗುತ್ತಿದ್ದೇನೆ ಎಂದು ತಿಳಿದ ಓಟ್ಸ್ ಮಾರ್ಚ್ ನಡುವೆ ಒಂದು ದಿನ ಡೇರೆಯಿಂದ ಹಿಮಗಾಳಿಗೆ ನಡೆದುಹೋದರು. ಉಳಿದ ಮೂವರು ಆಹಾರ ಇಟ್ಟಿದ್ದ ಜಾಗಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಬಿರುಗಾಳಿಗೆ ಸಿಕ್ಕಿ ನಿಂತರು. ಸ್ಕಾಟ್ ದಿನಚರಿಯ ಕೊನೆಯ ಪುಟದ ತಾರೀಖು 1912ರ ಮಾರ್ಚ್ 29. ನವೆಂಬರ್ 12ರಂದು ಹುಡುಕಿ ಹೋದವರಿಗೆ ಡೇರೆ, ಮೂರು ದೇಹ, ದಿನಚರಿ ಮತ್ತು ಆ ಕಲ್ಲುಗಳು ಸಿಕ್ಕವು.

ಕಲ್ಲು ಹೊತ್ತದ್ದರಿಂದಲೇ ಸತ್ತರು ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧಸತ್ಯಕ್ಕೂ ಕಡಿಮೆ. ದಿನಕ್ಕೆ ಬೇಕಾದಷ್ಟು ಆಹಾರ ಅವರಿಗೆ ಸಿಗುತ್ತಿರಲಿಲ್ಲ. ಡಬ್ಬಿಗಳಲ್ಲಿ ಸೀಮೆಎಣ್ಣೆ ಸೋರಿ ಕಡಿಮೆಯಾಗಿತ್ತು. ಆ ಮಾರ್ಚ್‌ನಲ್ಲಿ ಚಳಿ ವಾಡಿಕೆಗಿಂತ ತುಂಬಾ ಹೆಚ್ಚಿತ್ತು. ಗಾಯಾಳುಗಳಿಂದ ನಡಿಗೆ ನಿಧಾನವಾಗಿತ್ತು. ಇಷ್ಟೆಲ್ಲದರ ನಡುವೆ 16 ಕಿಲೋ ಒಂದು ಸಣ್ಣ ಪಾಲು.

ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಪಳೆಯುಳಿಕೆ ಇತ್ತು. 25 ಕೋಟಿ ವರ್ಷಕ್ಕೂ ಹಳೆಯ ಈ ಎಲೆ ಭಾರತದ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ. ಭಾರತ, ಅಂಟಾರ್ಕ್ಟಿಕಾ ಎಲ್ಲ ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ಖಂಡವಾಗಿದ್ದವು ಎನ್ನುವುದಕ್ಕೆ ಇದು ಮುಖ್ಯ ಸಾಕ್ಷಿಯಾಯಿತು. ಮಧ್ಯ ಭಾರತದ ಗೊಂಡರ ನಾಡಿನಿಂದಲೇ ಆ ಖಂಡಕ್ಕೆ ಹೆಸರು ಬಂದದ್ದು.

ಪೆಟ್ಟಿಗೆ ತೆರೆದಾಗ

ಸ್ಕಾಟ್ ಸತ್ತ 1912ರಲ್ಲೇ ಡಿಸ್ಕವರಿ ಯಾನದ ಸಿಹಿನೀರು ಪಾಚಿಗಳ ವರದಿ ಲಂಡನ್ನಿನಲ್ಲಿ ಹೊರಬಂತು. ಬರೆದವರು ಎಫ್. ಇ. ಫ್ರಿಟ್ಷ್. ಮುಂದೆ ಭಾರತದ ಪಾಚಿ ಅಧ್ಯಯನಕ್ಕೆ ಅಡಿಪಾಯ ಹಾಕಿದ ಮದರಾಸಿನ ಎಂ. ಒ. ಪಿ. ಅಯ್ಯಂಗಾರ್ ಸಂಶೋಧನೆ ನಡೆಸಿದ್ದು ಇದೇ ಫ್ರಿಟ್ಷ್ ಬಳಿ.

ಕಾಗದಕ್ಕೆ ಒತ್ತಿದ ಆ ಒಣ ಹಾಸುಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಉಳಿದವು. ನೂರು ವರ್ಷ ದಾಟಿದ ಮೇಲೆ ವಿಜ್ಞಾನಿಗಳು ಅವುಗಳಿಂದ ಡಿಎನ್ಎ ತೆಗೆದು, ಅದೇ ಪ್ರದೇಶದ ಇಂದಿನ ಹಾಸುಗಳೊಂದಿಗೆ ಹೋಲಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂದಿನ ಮತ್ತು ಇಂದಿನ ಸಯನೋಬ್ಯಾಕ್ಟೀರಿಯಾ ಸಮುದಾಯಗಳು ಬಹುಮಟ್ಟಿಗೆ ಒಂದೇ ತೆರನಾಗಿವೆ. ಮುಂದೆ ಬದಲಾವಣೆ ಆದರೆ ಯಾವುದಕ್ಕೆ ಹೋಲಿಸಬೇಕು ಎನ್ನುವ ಪ್ರಶ್ನೆಗೆ ಈಗ ಉತ್ತರ ಇದೆ.

ಸ್ಕಾಟ್ ಬಿಟ್ಟುಹೋದ ಇನ್ನೊಂದು ಲೆಕ್ಕವೂ ಇದೆ. 1903ರಲ್ಲಿ ಬಾನಿ ಸರೋವರದ ನಡುವಿನ ಕಿರಿದಾದ ಜಾಗದ ಅಗಲ ಸುಮಾರು 17 ಅಡಿ ಎಂದು ಅವರು ಬರೆದಿಟ್ಟರು. ಇಂದು ಅಲ್ಲಿ ಅದರ ಎಷ್ಟೋ ಪಟ್ಟು ಅಗಲ ನೀರಿದೆ. ಅಂದಿನಿಂದ ಕೆರೆಯ ಮಟ್ಟ 10 ಮೀಟರಿಗೂ ಹೆಚ್ಚು ಏರಿದೆ ಎಂದು ಲೆಕ್ಕ ಹಾಕಲು ಆ ಒಂದು ಸಾಲೇ ಆಧಾರ.

ಅಕ್ಷಾಂಶ ಬದಲಾದರೆ ಪಾಚಿ ಬದಲಾಗುತ್ತದೆಯೇ?

ಬದಲಾಗುತ್ತದೆ. ಆದರೆ ಅಕ್ಷಾಂಶ ಒಂದೇ ಕಾರಣವಲ್ಲ.

ಅಂಟಾರ್ಕ್ಟಿಕಾದ ಅಂಚಿನಲ್ಲಿ, ಸುಮಾರು 60 ಡಿಗ್ರಿಯ ಸೈನಿ ದ್ವೀಪದ ಕೆರೆಗಳು ಬೇಸಿಗೆಯಲ್ಲಿ ತೆರೆದುಕೊಳ್ಳುತ್ತವೆ. ಅಲ್ಲಿ ಡಯಾಟಂ, ಹಸಿರು ಪಾಚಿಗಳ ಬಗೆಗಳು ಹೆಚ್ಚು. 70 ಡಿಗ್ರಿ 45 ನಿಮಿಷದ ಆಸುಪಾಸಿನಲ್ಲಿ ಶಿರ್ಮಾಕರ್ ಓಯಸಿಸ್ ಇದೆ. ನಮ್ಮ ದೇಶದ ಮೈತ್ರಿ ನೆಲೆ ಇರುವುದು ಅಲ್ಲೇ, ಅದಕ್ಕೆ ನೀರು ಬರುವುದು ಪ್ರಿಯದರ್ಶಿನಿ ಎಂಬ ಕೆರೆಯಿಂದ. ಅಲ್ಲೂ ಅನೇಕ ಕೆರೆಗಳ ಮಂಜು ಬೇಸಿಗೆಯಲ್ಲಿ ಕರಗುತ್ತದೆ, ತಳದಲ್ಲಿ ಸಯನೋಬ್ಯಾಕ್ಟೀರಿಯಾ ಹಾಸು ಇರುತ್ತದೆ. 77 ಡಿಗ್ರಿ ದಾಟಿದ ಒಣ ಕಣಿವೆಗಳಲ್ಲಿ ಮಂಜಿನ ಮುಚ್ಚಳ ತೆಗೆಯುವುದೇ ಇಲ್ಲ. ಬಗೆಗಳು ಕಡಿಮೆಯಾಗುತ್ತವೆ, ಹಾಸು ಕಟ್ಟುವವುಗಳದ್ದೇ ಮೇಲುಗೈ.

ಇನ್ನು ಒಂದೇ ಅಕ್ಷಾಂಶದೊಳಗೆ ನೋಡಿ. ಬಾನಿಗೆ ಹತ್ತಿರದ ವಾಂಡಾ ಸರೋವರದ ತಳದ ಉಪ್ಪುನೀರು ಬಿಸಿಲಿನ ಶಾಖ ಹಿಡಿದಿಟ್ಟು ಸುಮಾರು 23ರಿಂದ 25 ಡಿಗ್ರಿ ಬೆಚ್ಚಗಿದೆ. ಅದೇ ಕಣಿವೆಯ ಡಾನ್ ವಾನ್ ಹೊಂಡದಲ್ಲಿ ಉಪ್ಪು ಎಷ್ಟೆಂದರೆ ಮೈನಸ್ 50ರ ಹತ್ತಿರವೂ ಅದು ಹೆಪ್ಪುಗಟ್ಟುವುದಿಲ್ಲ, ಅಲ್ಲಿ ಬದುಕುವುದು ಬಲು ಕಷ್ಟ. ರಾಸ್ ದ್ವೀಪದಲ್ಲಿ ಪೆಂಗ್ವಿನ್ ಹಿಕ್ಕೆ ಸೇರುವ ಹೊಂಡ ಬೇಸಿಗೆಯಲ್ಲಿ ಹಸಿರು ಗಂಜಿಯಂತಾಗುತ್ತದೆ, ಪಕ್ಕದ ಕೆರೆಯ ನೀರು ತಿಳಿಯಾಗಿಯೇ ಇರುತ್ತದೆ. ಬೆಳಕು, ಉಪ್ಪು, ಗೊಬ್ಬರ, ಮಂಜಿನ ದಪ್ಪ, ಇವೆಲ್ಲ ಅಕ್ಷಾಂಶದಷ್ಟೇ ಮುಖ್ಯ.

ಉತ್ತರ ಧ್ರುವದ ಕಡೆ ಲೆಕ್ಕ ಬೇರೆ. ಕೆನಡಾದ ತುತ್ತತುದಿಯಲ್ಲಿ, 83 ಡಿಗ್ರಿ ಉತ್ತರದ ವಾರ್ಡ್ ಹಂಟ್ ಕೆರೆಯಲ್ಲೂ ಇಂಥದೇ ಹಾಸುಗಳಿವೆ. ಆದರೆ ಆರ್ಕ್ಟಿಕ್ ನೆಲ ಖಂಡಗಳಿಗೆ ಅಂಟಿಕೊಂಡಿದೆ. ಹಕ್ಕಿ, ನದಿ, ಗಾಳಿಯ ಮೂಲಕ ಹೊಸ ಬಗೆಗಳು ಬರುತ್ತಲೇ ಇರುತ್ತವೆ. ಅಂಟಾರ್ಕ್ಟಿಕಾ ಸಾಗರದ ನಡುವೆ ಒಂಟಿ. ಹೀಗಾಗಿ ಅಲ್ಲಿನ ಬಗೆಗಳು ಕಡಿಮೆ, ಬೇರೆಲ್ಲೂ ಇಲ್ಲದವುಗಳ ಪಾಲು ಹೆಚ್ಚು.

ಇದೆಲ್ಲ ನಮಗೇಕೆ? ಪಾಚಿ ಹವಾಮಾನದ ದಿನಚರಿ ಬರೆಯುತ್ತದೆ. ಡಯಾಟಂಗಳ ಗಾಜಿನಂಥ ಚಿಪ್ಪುಗಳು ಕೆಸರಿನಲ್ಲಿ ಪದರ ಪದರವಾಗಿ ಉಳಿಯುತ್ತವೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಹೊಂಡಗಳ ಕೆಸರು ತೆಗೆದ ಮರಿಯಾನ್ ಡಗ್ಲಸ್ ಮತ್ತು ಜಾನ್ ಸ್ಮಾಲ್ ತಂಡ, ಸಾವಿರಾರು ವರ್ಷ ಹೆಚ್ಚು ಬದಲಾಗದಿದ್ದ ಡಯಾಟಂಗಳು 19ನೇ ಶತಮಾನದಿಂದೀಚೆಗೆ ಬದಲಾಗಿವೆ ಎಂದು 1994ರಲ್ಲಿ ತೋರಿಸಿತು. 2006ರ ಬೇಸಿಗೆಯಲ್ಲಿ ಅಲ್ಲಿನ ಕೆಲವು ಹೊಂಡಗಳು ಪೂರ್ತಿ ಒಣಗಿಹೋಗಿದ್ದವು.

ಒಟ್ಟಾರೆ ನಾವು ತಿಳಿಯಬೇಕಾದ್ದು

ಅಂಟಾರ್ಕ್ಟಿಕಾದಲ್ಲಿ ಜೀವವಿಲ್ಲ ಎನ್ನುವುದು ಸುಳ್ಳು. ರಕ್ತ ಸುರಿಯುತ್ತಿದೆ ಎನ್ನುವುದೂ ಸುಳ್ಳು, ಅದು ಕಬ್ಬಿಣದ ತುಕ್ಕು. ಕಲ್ಲಿನ ಭಾರಕ್ಕೆ ಸ್ಕಾಟ್ ಸತ್ತರು ಎನ್ನುವುದಕ್ಕೆ ಬಲವಾದ ಆಧಾರವಿಲ್ಲ. ನಿಜ ಇಷ್ಟು: ತಾನು ಕಂಡದ್ದನ್ನು ಅಳತೆಯೊಂದಿಗೆ ಬರೆದಿಟ್ಟು, ಅರ್ಥವಾಗದ್ದನ್ನು ಎಸೆಯದೆ ಮನೆಗೆ ತಂದ ಕಾರಣಕ್ಕೆ ಅವರ ತಪ್ಪನ್ನು ಮುಂದಿನವರು ತಿದ್ದಲು ಸಾಧ್ಯವಾಯಿತು.

ಡೇರೆಯಲ್ಲಿ ಸಾವು ಎದುರಿಗೆ ನಿಂತಾಗ ಸ್ಕಾಟ್ ಹೆಂಡತಿಗೆ ಬರೆದ ಪತ್ರದಲ್ಲಿ, ಸಾಧ್ಯವಾದರೆ ಮಗನಿಗೆ ಪ್ರಕೃತಿಯ ಬಗ್ಗೆ ಆಸಕ್ತಿ ಹುಟ್ಟಿಸು ಎಂದು ಕೇಳಿಕೊಂಡಿದ್ದರು. ಆಗ ಪೀಟರ್‌ಗೆ ಎರಡೂವರೆ ವರ್ಷ. ದೊಡ್ಡವರಾದ ಪೀಟರ್ ಸ್ಕಾಟ್ ಹಕ್ಕಿಗಳ ತಜ್ಞರಾದರು, ಚಿತ್ರಕಾರರಾದರು. 1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಕಟ್ಟಿದವರಲ್ಲಿ ಒಬ್ಬರಾದರು. ಆ ಸಂಸ್ಥೆಯ ಪಾಂಡಾ ಚಿಹ್ನೆ ಬಿಡಿಸಿದ ಕೈ ಅವರದೇ.